ಬರ್ಮಿಂಗ್‌ಹ್ಯಾಮಿನಲ್ಲಿ ಅತ್ತೆಯ ವೋಟು

ಹಯವದನನಿಗೆ 'ಇಲ್ಲ' ಎನ್ನುವುದೊಂದನ್ನು ಬಿಟ್ಟು ಬೇರೆಲ್ಲ ಮಾತೂ ಬರುತ್ತಿತ್ತು. ವುಲ್ವರ್‌ಹ್ಯಾಂಪ್ಟನ್ನಿನ ದೊಡ್ಡಾಸ್ಪತ್ರೆಯಲ್ಲಿ ಅವನು ಕಿವಿ, ಮೂಗು, ಗಂಟಲಿನ ಡಾಕ್ಟರು. ಮೂಗಿನಿಂದ ರಕ್ತ ಸುರಿಸಿಕೊಂಡು ಬಂದ ಮುದುಕರಿಗೆ "ಏನೂ ಆಗಲ್ಲ, ಇರುವೆ ಕಚ್ಚಿದಷ್ಟೂ ನೋವಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅವರು ನಂಬಿ ಕತ್ತು ಚಾಚುತ್ತಿದ್ದಂತೆ ಸಿಲ್ವರ್ ನೈಟ್ರೇಟಿನ ಕಡ್ಡಿ ಒತ್ತಿ, ರಕ್ತ ಒಸರುವ ಜಾಗವನ್ನು ಸುಟ್ಟುಬಿಡುತ್ತಿದ್ದ. ನೋವಾಗುತ್ತಿತ್ತು. ಆದರೆ ಅಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು, ಮುದುಕರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ನಡೆದದ್ದು ಮನೆಯಲ್ಲೂ ನಡೆಯುತ್ತದೆ ಎಂದು ಅವನು ತಿಳಿದುಕೊಂಡಿದ್ದ. ಮದುವೆಗೆ ಮುಂಚೆ ನಿರುಪಮಾಳಿಗೆ ಇಂಗ್ಲೆಂಡಿನ ಚಳಿ ನಮ್ಮ ಮೈಸೂರಿನ ಧನುರ್ಮಾಸದ ಹಾಗೆ ಅಂದಿದ್ದ. ಊರಿನಲ್ಲಿ ಅಮ್ಮನಿಗೆ, ತಾನು ಇಲ್ಲಿ ಕನ್ಸಲ್ಟೆಂಟ್ ಆಗುವುದಕ್ಕೆ ಇನ್ನೊಂದೇ ಮೆಟ್ಟಿಲು ಅಂದಿದ್ದ. ಆ ಮೆಟ್ಟಿಲಿನ ಕೆಳಗೆ ಏಳು ವರ್ಷದಿಂದ ನಿಂತಿದ್ದ. ಕನ್ನಡ ಕೂಟದವರು ಹಬ್ಬಕ್ಕೆ ಅಡುಗೆಯವರು ಬೇಕೆಂದರೆ 'ನನಗೆ ಬಿಡಿ', ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ರಜೆಯ ದಿನ ಯಾರಾದರೂ ಡ್ಯೂಟಿ ಬದಲಿಸಿಕೊಳ್ಳಿ ಎಂದರೆ 'ಅದಕ್ಕೇನಂತೆ'. ಇಂಥವರನ್ನು ಲೋಕ ಒಳ್ಳೆಯವರು ಅನ್ನುತ್ತದೆ. ಲೋಕಕ್ಕೇನು, ಅದರ ಗಂಟೇನು ಹೋಗಬೇಕು! ಆಮೇಲೆ ಹೇಳಿದ ಮಾತು ನಡೆಯದೆ ಹೋದಾಗ ಅನುಭವಿಸುವವರು ಮನೆಯವರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ನಿರುಪಮಾಳಿಗೆ ಎರಡನೆಯ ಮಗು ಹುಟ್ಟಿತು. ಬಾಣಂತನಕ್ಕೆಂದು ಮೈಸೂರಿನಿಂದ ಅವಳ ತಾಯಿ ಭಾಗೀರಥಮ್ಮ ಬಂದರು. ಬಂದವರು ಸೂಟ್‌ಕೇಸಿನಿಂದ ಮೊದಲು ತೆಗೆದದ್ದು ಬಾಣಂತಿ ಲೇಹ್ಯದ ಡಬ್ಬಿ, ಎರಡನೆಯದು ವಾಪಸು ಹೋಗುವ ಟಿಕೆಟ್ಟು. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ, "ಆಗಸ್ಟ್ ಕೊನೆಗೆ ನಾನು ಊರಲ್ಲಿರಬೇಕು ಅಳಿಯಂದ್ರೇ. ಎಲೆಕ್ಷನ್ ಬರತ್ತೆ" ಎಂದರು.

ಕೇಂದ್ರದಲ್ಲಿ ಸರ್ಕಾರ ಬಿದ್ದಿತ್ತು. ಸೆಪ್ಟೆಂಬರಿಗೆ ಮತ್ತೆ ಚುನಾವಣೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ ಅದರಲ್ಲೇನು ಅಷ್ಟು ಆಸ್ಥೆ ಎಂದು ಹಯವದನನಿಗೆ ನಗು ಬಂತು. ಒಂದು ದಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಅವರೇ ಹೇಳಿದರು.

"ನಿಮ್ಮ ಮಾವನವರು ಕೆಟ್ಟೋರಲ್ಲ. ಆದ್ರೆ ನನ್ನ ಸೀರೆ ಬಣ್ಣ, ಸಾರಿಗೆ ಎಷ್ಟು ಹುಳಿ, ನಿರುಪಮಂಗೆ ಯಾವ ಕಾಲೇಜು, ಎಲ್ಲ ಅವರೇ ಹೇಳ್ತಿದ್ರು. ವೋಟಿಗೆ ಹೊರಟಾಗ್ಲೂ ದಾರಿಯುದ್ದಕ್ಕೂ ಇಂಥ ಗುರುತಿಗೇ ಒತ್ತು ಅಂತ ಪಾಠ. ನಾನು ಹೂಂ ಹೂಂ ಅಂತಿದ್ದೆ. ಆ ರಟ್ಟಿನ ಮರೆಗೆ ಹೋದ್ಮೇಲೆ ಮಾತ್ರ ನಾನುಂಟು, ಮುದ್ರೆಯುಂಟು. ನನ್ನ ಮನಸ್ಸಿಗೆ ಬಂದೋರಿಗೆ ಒತ್ತಿ ಬರ್ತಿದ್ದೆ. ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ."

ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆ ನಗುವಿನಲ್ಲಿ ಅತ್ತೆ ಹದಿನಾರರ ಹುಡುಗಿಯ ಹಾಗೆ ಕಂಡರು.

ಈ ಸಲ ಇನ್ನೊಂದು ಕಾರಣವೂ ಇತ್ತು, ಅದರ ಹೆಸರು ನೀಲಮ್ಮ. ಭಾಗೀರಥಮ್ಮನ ಬೀದಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ ಹೆಂಗಸು. ಗಂಡ ಹೋದ ಮೇಲೆ ಮೂಲೆ ಹಿಡಿದು ಕೂತಿದ್ದ ಭಾಗೀರಥಮ್ಮನನ್ನು ಕೈಹಿಡಿದು ಎಳೆದು ತಂದು ತನ್ನ ಬೂತಿನೊಳಗೆ ಕೂರಿಸಿಕೊಂಡು, ದಿನಾ ಸಂಜೆ ಕಾಫಿ ಕುಡಿಸಿ, ಮತ್ತೆ ಮನುಷ್ಯಳನ್ನಾಗಿ ಮಾಡಿದವಳು ಅವಳೇ. ಬೀದಿಯ ನಲ್ಲಿಗೆ ನೀರು ಬರುವುದಿಲ್ಲವೆಂದು ಅವಳು ಮುನಿಸಿಪಾಲಿಟಿಯಿಂದ ಮಂತ್ರಿಯವರೆಗೆ ಅಲೆದಿದ್ದಳು. ಈಗ ಪಕ್ಷೇತರಳಾಗಿ ಲೋಕಸಭೆಗೇ ನಿಲ್ಲುತ್ತೇನೆ ಎಂದು ಹೊರಟಿದ್ದಳು. ನಲ್ಲಿ ನೀರಿಗೆ ಡೆಲ್ಲಿ ಯಾಕೆ ಅಂದವರಿಗೆ, "ಕೆಳಗಿನವರನ್ನೆಲ್ಲ ಕೇಳಿ ಆಯ್ತು, ಇನ್ನು ಮೇಲಿನವರನ್ನೇ ಕೇಳ್ತೀನಿ" ಎಂದಿದ್ದಳಂತೆ. ಬೀದಿಯೆಲ್ಲ ನಕ್ಕಿತ್ತು. ಭಾಗೀರಥಮ್ಮ ನಗಲಿಲ್ಲ. ವಿಮಾನ ಹತ್ತುವ ಹಿಂದಿನ ದಿನ ಅವಳ ಕೈಮೇಲೆ ಕೈಯಿಟ್ಟು, "ಗೆಲ್ಲು, ಸೋಲು, ನನ್ನ ವೋಟು ನಿಂದು. ಬಂದೇ ಬರ್ತೀನಿ" ಎಂದು ಮಾತು ಕೊಟ್ಟು ಬಂದಿದ್ದರು.

ಜುಲೈ ಬಂತು. ನಿರುಪಮಾಳೂ ಡಾಕ್ಟರೇ. ತಜ್ಞ ವೈದ್ಯೆಯಾಗಲು ಅವಳು ಕಟ್ಟಿದ್ದ ಮೆಂಬರ್‌ಶಿಪ್ ಪರೀಕ್ಷೆ ಅಕ್ಟೋಬರಿನಲ್ಲಿತ್ತು, ಎರಡು ಸಲ ಫೇಲಾಗಿ ಇದು ಮೂರನೆಯದು. ಅಮ್ಮ ಹೊರಟುಬಿಟ್ಟರೆ ಹಸುಗೂಸು, ಸ್ಕೂಲಿಗೆ ಹೋಗುವ ಆರು ವರ್ಷದ ಅಪೂರ್ವಾ, ಗಂಡನ ನೈಟ್ ಡ್ಯೂಟಿ, ಇಷ್ಟರ ನಡುವೆ ಅವಳು ಪುಸ್ತಕ ಮುಟ್ಟುವ ಹಾಗಿರಲಿಲ್ಲ.

"ನೀವೇ ಕೇಳಿ ರೀ" ಎಂದಳು ಗಂಡನಿಗೆ. "ನಾನು ಕೇಳಿದ್ರೆ ಅಮ್ಮ ಅಳ್ತಾಳೆ. ಸುತ್ತಿ ಬಳಸಿ ಹೇಳ್ಬೇಡಿ. ಹೀಗ್ಹೀಗೆ ಕಷ್ಟ ಇದೆ, ಇನ್ನೆರಡು ತಿಂಗಳು ಇರ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಬೇರೆ ದಾರಿ ನೋಡೋಣ."

"ಅದಕ್ಕೇನಂತೆ" ಎಂದ ಹಯವದನ.

ನೆಟ್ಟಗೆ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೇಳಿದರೆ ಅತ್ತೆ 'ಇಲ್ಲ' ಅಂದಾರು, ಅದನ್ನು ಅವನ ಕಿವಿ ಕೇಳಬೇಕಾದೀತು. ಅದೇ ವಾರ ಅವನ ಆಸ್ಪತ್ರೆಯಲ್ಲಿ ದಕ್ಷಿಣ ಆಫ್ರಿಕಾದ ಡಾಕ್ಟರೊಬ್ಬ ಊಟದ ಹೊತ್ತಿನಲ್ಲಿ, ಐದು ವರ್ಷದ ಹಿಂದೆ ತಾನು ಲಂಡನ್ನಿನ ತಮ್ಮ ಎಂಬೆಸಿಯ ಮುಂದೆ ಸಾಲು ನಿಂತು ವೋಟು ಹಾಕಿದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದ. ಅವರಿಗೆ ಉಂಟಾದರೆ ನಮಗೂ ಇರಲೇಬೇಕು, ನಮ್ಮದು ಎಷ್ಟು ದೊಡ್ಡ ಪ್ರಜಾಪ್ರಭುತ್ವ! ಹಯವದನ ಮನೆಗೆ ಬಂದವನೇ ಶೂಸ್ ಬಿಚ್ಚುವ ಮೊದಲು ಹೇಳಿದ.

"ಅತ್ತೆ, ನಿಮ್ಮ ವೋಟಿನ ಚಿಂತೆ ಬಿಡಿ. ಇಲ್ಲೇ ಬರ್ಮಿಂಗ್‌ಹ್ಯಾಮಿನ ನಮ್ಮ ಎಂಬೆಸೀಲಿ ಹಾಕ್ಬಹುದು. ಆರಾಮಾಗಿ ಅಕ್ಟೋಬರ್ ಮುಗಿಸ್ಕೊಂಡು ಹೊರಡಿ."

"ಇಲ್ಲೇನಾ? ನಮ್ಮೂರಿನ ವೋಟಾ?"

"ನಿಮ್ಮೂರಿನದೇ."

ಬರ್ಮಿಂಗ್‌ಹ್ಯಾಮಿನಲ್ಲಿರುವುದು ಎಂಬೆಸಿಯಲ್ಲ, ಕಾನ್ಸುಲೇಟು ಎಂಬುದನ್ನೂ ಅವನು ಸರಿಯಾಗಿ ಹೇಳಲಿಲ್ಲ. ಅಳಿಯ ಹೇಳಿದ ಮೇಲೆ ಮುಗಿಯಿತು. ಮಗಳ ಗಂಡನ ಮಾತಿಗೆ 'ನಿಜವೇ' ಎಂದು ಎರಡು ಸಲ ಕೇಳುವ ಪದ್ಧತಿ ಭಾಗೀರಥಮ್ಮನ ಮನೆತನದಲ್ಲಿರಲಿಲ್ಲ. ಮರುದಿನವೇ ಟಿಕೆಟ್ಟಿನ ದಿನಾಂಕ ಬದಲಾಯಿತು. ನಿರುಪಮಾಳಿಗೆ ಅವನು 'ಕೇಳಿದೆ, ಒಪ್ಪಿದರು' ಎಂದಷ್ಟೇ ಹೇಳಿದ. ಭಾನುವಾರ ಅವರು ಫೋನ್ ಕಾರ್ಡ್ ತಿಕ್ಕಿ ನೀಲಮ್ಮನಿಗೆ ಫೋನ್ ಮಾಡಿ ಸಮಾಚಾರ ಹೇಳಿದರು. ನೀಲಮ್ಮ ಹಿಗ್ಗಿ ಹೀರೇಕಾಯಾದಳು. ಫಾರಿನ್ನಿನಿಂದಲೂ ತನಗೊಂದು ವೋಟು ಬರುತ್ತದೆ ಎಂದು ಬೀದಿಗೆಲ್ಲ ಸಾರಿದಳು. "ಶಾಯಿ ಅಳಿಸದೇ ಬಾ, ಬೆರಳು ತೋರಿಸಿದ್ರೇನೇ ನಿಂಗೆ ಕಾಫಿ" ಎಂದಳು.

ನಾಲ್ಕಾರು ದಿನ ಕಳೆದು ಹಯವದನ ಆಸ್ಪತ್ರೆಯಿಂದ ಕಾನ್ಸುಲೇಟಿಗೆ ಫೋನ್ ಮಾಡಿದ. ಅಲ್ಲಿನವರು ಮರ್ಯಾದೆಯಾಗಿಯೇ ಹೇಳಿದರು: ಇಲ್ಲ ಡಾಕ್ಟರ್ ಸಾಹೇಬರೇ, ಸರ್ಕಾರದ ಕೆಲಸದ ಮೇಲೆ ಹೊರದೇಶದಲ್ಲಿರುವವರಿಗೆ ಅಂಚೆಯ ವೋಟು ಉಂಟು, ಬಂಧುಗಳ ಮನೆಗೆ ಬಂದವರಿಗೆ ಅಂಥದ್ದೇನೂ ಇಲ್ಲ, ಅವರು ತಮ್ಮ ಊರಿನಲ್ಲೇ ಹಾಕಬೇಕು.

ಅಲ್ಲಿಯವರೆಗೆ ಅದು ತಿಳಿಯದೆ ಆಡಿದ ಮಾತು. ಆ ಸಂಜೆ ಮನೆಗೆ ಹೋಗಿ 'ಅತ್ತೆ, ತಪ್ಪಾಯ್ತು' ಎಂದಿದ್ದರೆ ಟಿಕೆಟ್ಟನ್ನು ಮತ್ತೆ ಹಿಂದಕ್ಕೆ ಹಾಕಿಸಬಹುದಿತ್ತು. ಹಯವದನ ಹೋದ. ಅತ್ತೆ ಬಿಸಿ ಬಿಸಿ ಅಕ್ಕಿರೊಟ್ಟಿ ತಟ್ಟಿ ಹಾಕಿದರು. ನಿರುಪಮಾ ಮೇಲಿನ ಕೋಣೆಯಲ್ಲಿ ಓದುತ್ತಿದ್ದಳು, ಕೂಸು ಸ್ನಾನವಾಗಿ ಮಲಗಿತ್ತು, ಮನೆ ಗುಡಿಯ ಹಾಗಿತ್ತು. ಅವನು ರೊಟ್ಟಿ ತಿಂದ. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಸೆಪ್ಟೆಂಬರಿನವರೆಗೂ ಬರಲಿಲ್ಲ.

ಮೈಸೂರಿನಲ್ಲಿ ಸೆಪ್ಟೆಂಬರಿನ ಮೊದಲ ಭಾನುವಾರ ಮತದಾನ. ಭಾಗೀರಥಮ್ಮ ದಿನಾ ಕೇಳತೊಡಗಿದರು. ಕೊನೆಗೆ ಅವನು, "ಹೊರದೇಶದವರದ್ದು ಎರಡು ದಿನ ಮೊದಲೇ, ಶುಕ್ರವಾರ" ಎಂದ. ಹೇಗೂ ಮಗುವಿನ ಕಾಗದಪತ್ರಕ್ಕೆಂದು ಅವನು ಶುಕ್ರವಾರ ಕಾನ್ಸುಲೇಟಿಗೆ ಹೋಗಬೇಕಿತ್ತು. ಅತ್ತೆಯನ್ನೂ ಕರೆದುಕೊಂಡು ಹೋಗುವುದು, ಒಳಗೆ ಹೋಗಿ ಬಂದು 'ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿಲ್ಲವಂತೆ' ಎನ್ನುವುದು, ಇಬ್ಬರೂ ಸೇರಿ ಸರ್ಕಾರವನ್ನು ಬೈಯುವುದು. ಹೀಗೆ ಅವನ ಲೆಕ್ಕಾಚಾರ.

ಶುಕ್ರವಾರ ಬೆಳಿಗ್ಗೆ ಭಾಗೀರಥಮ್ಮ ತಲೆಗೆ ನೀರು ಹಾಕಿಕೊಂಡು, ಮದುವೆ ಮುಂಜಿಗೆಂದು ತಂದಿದ್ದ ರೇಷ್ಮೆ ಸೀರೆಯುಟ್ಟು, ಅದರ ಮೇಲೆ ಮಗಳ ಕಾರ್ಡಿಗನ್ ತೊಟ್ಟು, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಕಾರು ಹತ್ತಿದರು. ದಾರಿಯಲ್ಲಿ ಮಾತೇ ಆಡಲಿಲ್ಲ. ಅವನೇನೋ ಹೇಳಹೋದರೆ, "ಇರಿ, ವೋಟಿಗೆ ಹೋಗೋವಾಗ ಮನಸ್ಸು ಒಂದು ಕಡೆ ಇರ್ಬೇಕು" ಎಂದರು.

ಒಳಗೆ ಬೇಕಾದಷ್ಟು ಜನ. ವೀಸಾಕ್ಕೆ, ಪಾಸ್‌ಪೋರ್ಟಿಗೆ ಕುರ್ಚಿಗಳಲ್ಲಿ ಕಾದು ಕೂತ ಪಂಜಾಬಿಗಳು, ಗುಜರಾತಿಗಳು. ಅವನು ಕೌಂಟರಿನಲ್ಲಿ ಮಗುವಿನ ಕಾಗದ ಕೊಟ್ಟು, ಬಾಯಿಪಾಠ ಮಾಡಿಕೊಂಡ ಮಾತನ್ನು ಹೇಳಲು ತಿರುಗಿದ. ಅತ್ತೆ ಎದ್ದು ನಿಂತಿದ್ದರು. ಗೋಡೆಯ ಬದಿಯ ಮೇಜಿನ ಮೇಲೆ ಬಾಯಿಗೆ ಸೀಳು ಬಿಟ್ಟ ಮರದ ಪೆಟ್ಟಿಗೆಯೊಂದಿತ್ತು. ಪಕ್ಕದಲ್ಲಿ ಬಿಳಿಯ ಚೀಟಿಗಳು, ದಾರ ಕಟ್ಟಿದ ಪೆನ್ನು. ಪೆಟ್ಟಿಗೆಯ ಮೇಲೆ ಹಿಂದಿಯಲ್ಲಿ ಏನೋ ಬರೆದಿತ್ತು.

"ಅದೇನಾ ಅಳಿಯಂದ್ರೇ, ವೋಟಿನ ಪೆಟ್ಟಿಗೆ?"

ಅವರು ಅವನ ಮುಖವನ್ನೇ ನೋಡುತ್ತಿದ್ದರು. ಪಕ್ಕದ ಕುರ್ಚಿಯ ಮುದುಕ ಸರ್ದಾರ್ಜಿಯೂ ತಲೆಯೆತ್ತಿ ನೋಡಿದ. 'ಇಲ್ಲ' ಎನ್ನಬೇಕಿತ್ತು, ಎರಡಕ್ಷರ. ಬಾಯಿಪಾಠದ ಮಾತಾದರೂ ಹೊರಬರಬೇಕಿತ್ತು, ಅದೂ ಬರಲಿಲ್ಲ.

"ಹೌದು ಅತ್ತೆ" ಎಂದುಬಿಟ್ಟ. "ಇಲ್ಲಿ ಗುರುತು, ಮುದ್ರೆ ಇಲ್ಲ. ಚೀಟೀಲಿ ಹೆಸರು ಬರೆದು ಹಾಕೋದು."

ಭಾಗೀರಥಮ್ಮ ಇನ್ನೂ ಸ್ವಲ್ಪ ಹೊತ್ತು ಅವನನ್ನು ನೋಡಿದರು. ಆಮೇಲೆ ಮೇಜಿನ ಹತ್ತಿರ ಹೋಗಿ, ಅವನಿಗೆ ಬೆನ್ನು ಹಾಕಿ, ಕೈಯಿಂದ ಚೀಟಿಯನ್ನು ಮರೆಮಾಡಿಕೊಂಡು ನಿಧಾನವಾಗಿ ಬರೆದರು. ಮಡಿಸಿ ಪೆಟ್ಟಿಗೆಗೆ ಹಾಕಿದರು. ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಮೇಲೆ ಕೆಲವರು ತಟ್ಟಿ ನೋಡುತ್ತಾರಲ್ಲ, ಹಾಗೆ ಒಮ್ಮೆ ತಟ್ಟಿದರು.

ಕಾರಿನ ಹತ್ತಿರ ಬಂದಾಗ, "ಶಾಯಿ ಹಚ್ಚಲ್ವೇ?" ಎಂದರು.

ಒಂದು ಸುಳ್ಳು ಹೇಳಿದವನು ಇನ್ನೊಂದಕ್ಕೆ ದೂರ ಹೋಗಬೇಕಾಗಿಲ್ಲ. ಕಾರಿನ ಡಿಕ್ಕಿಯಲ್ಲಿ ಅವನ ಕ್ಲಿನಿಕ್ಕಿನ ಬ್ಯಾಗಿತ್ತು, ಬ್ಯಾಗಿನಲ್ಲಿ ಸಿಲ್ವರ್ ನೈಟ್ರೇಟಿನ ಕಡ್ಡಿಗಳಿದ್ದವು. ವೋಟಿನ ಶಾಯಿಯಲ್ಲಿರುವುದೂ ಅದೇ. ಆ ಶಾಯಿ ತಯಾರಾಗುವುದೂ ಅವನ ಮೈಸೂರಿನಲ್ಲೇ. "ನಾನು ಡಾಕ್ಟರು ಅಂತ ನನ್ನ ಕೈಗೇ ಕೊಟ್ಟಿದ್ದಾರೆ ಅತ್ತೆ" ಎಂದು, ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಅವರ ಎಡಗೈ ತೋರುಬೆರಳಿನ ಉಗುರಿನ ಬುಡಕ್ಕೆ ಒತ್ತಿ ಎಳೆದ. ಗೆರೆ ಗಟ್ಟಿಯಾಗಿ ಬರಲೆಂದು ಮತ್ತೊಮ್ಮೆ ಎಳೆದ.

"ಉರಿಯತ್ತೆ" ಎಂದರು ಭಾಗೀರಥಮ್ಮ.

"ಏನೂ ಆಗಲ್ಲ ಅತ್ತೆ."

"ಅಲ್ಲಿ ಉರೀತಿರಲಿಲ್ಲ" ಎಂದು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರು ಹತ್ತಿದರು.

ಸಂಜೆಯ ಹೊತ್ತಿಗೆ ಗೆರೆ ಕಪ್ಪಾಯಿತು. ಮರುದಿನ ಅದರ ಕೆಳಗಿನ ಚರ್ಮದಲ್ಲಿ ಬೊಬ್ಬೆ ಎದ್ದಿತು. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು ಎಂಬುದು ಡಾಕ್ಟರಿಗೆ ಗೊತ್ತಿರಬೇಡವೇ? ಅಪೂರ್ವಾ ಅಜ್ಜಿಯ ಬೆರಳು ಹಿಡಿದು, "ಡಿಡ್ ಇಟ್ ಹರ್ಟ್, ಅಜ್ಜಿ?" ಎಂದಳು. "ಇಲ್ಲ ಪುಟ್ಟಾ" ಎಂದರು ಅಜ್ಜಿ. ಹಯವದನ ಮುಲಾಮು ಹಚ್ಚಿ ಪಟ್ಟಿ ಸುತ್ತಿದ. ಸುತ್ತುವಾಗ ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಸುಟ್ಟದ್ದು ಅವರ ಬೆರಳು, ಆದರೆ ತಲೆಯೆತ್ತಲಾಗದೆ ಕೂತವನು ಅವನು.

ಗಣೇಶನ ಹಬ್ಬ ಕಳೆದ ವಾರಾಂತ್ಯ ಕನ್ನಡ ಕೂಟದ ಪೂಜೆ ಒಂದು ಸ್ಕೂಲಿನ ಹಾಲಿನಲ್ಲಿ ನಡೆಯಿತು. ಕೂಟದ ಕಾರ್ಯದರ್ಶಿ ಕೆಂಪಣ್ಣ ಡರ್ಬಿಯಲ್ಲಿ ಇಂಜಿನಿಯರು, ಜೋರು ದನಿಯ ಮನುಷ್ಯ, ಪ್ರಪಂಚದಲ್ಲಿ ಅವನಿಗೆ ತಿಳಿಯದ ಕಾನೂನಿರಲಿಲ್ಲ. ಊಟದ ಸಾಲಿನಲ್ಲಿ ಭಾಗೀರಥಮ್ಮ ತಟ್ಟೆ ಚಾಚಿದಾಗ ಅವನ ಕಣ್ಣು ಬೆರಳಿನ ಮೇಲೆ ಬಿತ್ತು. ಪಟ್ಟಿ ಬಿಚ್ಚಿಯಾಗಿತ್ತು, ಕಪ್ಪು ಹಾಗೇ ಇತ್ತು.

"ಏನಮ್ಮಾ ಇದು, ವೋಟು ಹಾಕಿದಂಗಿದೆ! ನೀವು ಮೇ ತಿಂಗಳಿಂದ ಇಲ್ಲೇ ಇದ್ದೀರಲ್ಲ?"

ಸುತ್ತಲಿನವರು ತಿರುಗಿದರು. ಯಾರೋ, ಎಂಬೆಸಿಯಲ್ಲಿ ಹಾಕಬಹುದಂತೆ ಎಂದು ಕೇಳಿದ್ದೆ ಎಂದರು. ಕೆಂಪಣ್ಣ ಸೌಟನ್ನು ಪಾತ್ರೆಗೆ ಬಿಟ್ಟ.

"ಎಂಬೆಸೀಲಿ? ಯಾವ ಮುಟ್ಠಾಳ ಹೇಳಿದ್ದು? ಅದೆಲ್ಲ ಇಲ್ಲ ರೀ ನಮಗೆ. ಅಲ್ಲಿಗೇ ಹೋಗಿ ಹಾಕ್ಬೇಕು!"

ಹಾಲಿನಲ್ಲಿ ನಗು ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಹಯವದನ ಅಷ್ಟೂ ಮಾಡಲಿಲ್ಲ. ಎಲ್ಲರ ಜೊತೆ ತಾನೂ ನಕ್ಕ. ಗಟ್ಟಿಯಾಗಿ ನಕ್ಕ. ಆ ನಗು ತನ್ನ ಬಾಯಿಂದ ಬರುತ್ತಿರುವುದನ್ನು ಕೇಳಿಸಿಕೊಂಡು ಅವನಿಗೆ ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು. ಆದರೂ ನಗು ನಿಲ್ಲಿಸಲಿಲ್ಲ.

ಭಾಗೀರಥಮ್ಮ ತಮ್ಮ ಬೆರಳನ್ನೇ ತಿರುಗಿಸಿ ನೋಡಿಕೊಂಡರು. "ವೋಟೂ ಇಲ್ಲ, ಗೀಟೂ ಇಲ್ಲಪ್ಪ. ಪಲ್ಯಕ್ಕೆ ಬಾಳೆಕಾಯಿ ಹೆಚ್ಚಿದೆ, ಕರೆ ಹತ್ತಿತು" ಎಂದರು.

"ಬಾಳೆಕಾಯಿ ಕರೇನಾ! ಅದು ಹೋಗಲ್ಲ ಬಿಡಿ" ಎಂದ ಕೆಂಪಣ್ಣ, ಚಿತ್ರಾನ್ನ ಬಡಿಸಿದ. ಸಾಲು ಮುಂದೆ ಸರಿಯಿತು.

ಹಯವದನನ ನಗು ಆಗ ನಿಂತಿತು. ಅತ್ತೆಗೆ ಗೊತ್ತಿದೆ. ಎಂದಿನಿಂದ ಗೊತ್ತು? ಅವರು ತಟ್ಟೆ ಹಿಡಿದು ಹೆಂಗಸರ ಕಡೆ ಹೋದರು. ಕೂಟ ಮುಗಿದು ಕಾರಿನಲ್ಲಿ ಬರುವಾಗ ಕೂಸನ್ನು ತಟ್ಟುತ್ತ ದೇವರನಾಮ ಗುನುಗಿದರು. ನಿರುಪಮಾ, "ಅಮ್ಮ, ಬಾಳೆಕಾಯಿ ಪಲ್ಯ ಯಾವಾಗ ಮಾಡಿದ್ದೆ?" ಎಂದಾಗ, "ನೀನು ಓದ್ತಿದ್ದೆ" ಎಂದರು.

ಮರುದಿನ ಭಾನುವಾರ. ನಿರುಪಮಾ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತಿದ್ದಳು, ಅಪೂರ್ವಾ ಟಿವಿ ಮುಂದೆ. ಹಯವದನ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಕೆಳಗೆ ಬಾಗಿಲ ಬಳಿಯ ಫೋನಿನಲ್ಲಿ ಭಾಗೀರಥಮ್ಮ ಮಾತಾಡುತ್ತಿದ್ದರು. ಅವನು ಅಲ್ಲೇ ನಿಂತ.

"ಇಲ್ಲ ಕಣೆ ನೀಲಮ್ಮ, ಹಾಕಲಿಲ್ಲ... ಮರ್ತುಹೋಯ್ತು. ಹೂಂ, ಮರ್ತೇಬಿಟ್ಟೆ. ಮಗು, ಅಡುಗೆ, ಅದೂ ಇದೂ... ಯಾವ ವಾರ ಅನ್ನೋದೇ ತಲೇಲಿರಲಿಲ್ಲ."

ಆ ಕಡೆಯ ದನಿ ಮೆಟ್ಟಿಲವರೆಗೂ ಕೇಳಿಸಿತು. "ಮರ್ತ್ಯಾ? ನೀನಾ? ಬೀದಿಗೆಲ್ಲ ಹೇಳಿದ್ನಲ್ಲೇ! ನಿಂಗೆ ಅಷ್ಟೂ ನೆನಪಾಗಲಿಲ್ವಾ ನಾನು?" ಆಮೇಲೆ ಏನೂ ಕೇಳಿಸಲಿಲ್ಲ. ಭಾಗೀರಥಮ್ಮ ಎರಡು ಸಲ "ನೀಲಾ, ನೀಲಾ" ಎಂದು ಕರೆದು ಫೋನ್ ಇಟ್ಟರು.

ತಿರುಗಿ ನೋಡಿದರೆ ಅಳಿಯ.

"ಅತ್ತೆ" ಎಂದ ಹಯವದನ.

"ಮಗೂನ ಇಲ್ಲಿ ಕೊಡಿ" ಎಂದರು. ಕೂಸನ್ನು ತೆಗೆದುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಮದುವೆಗೆ ಮುಂಚೆ ಹಿಂದಿ ಪರೀಕ್ಷೆ ಮೂರು ಕಟ್ಟಿದ್ದೆ, ಯಾರಿಗೂ ಹೇಳೋ ಪ್ರಮೇಯ ಬರಲಿಲ್ಲ. ಪೆಟ್ಟಿಗೆ ಮೇಲೆ ಸಲಹೆ ಪೆಟ್ಟಿಗೆ ಅಂತ ಬರೆದಿತ್ತು. ಓದಿಯೇ ನಿಮ್ಮನ್ನ ಕೇಳಿದ್ದು. ಇಲ್ಲ ಅಂತೀರಿ ಅಂದ್ಕೊಂಡೆ."

"ಮತ್ತೆ ಚೀಟಿ..."

"ಸಲಹೆ ಪೆಟ್ಟಿಗೆ ತಾನೆ? ಸಲಹೇನೇ ಬರೆದೆ. ಇಲ್ಲೂ ಒಂದು ವೋಟಿನ ಪೆಟ್ಟಿಗೆ ಇಡಿ ಅಂತ. ಅಷ್ಟು ಜನರ ಎದುರಿಗೆ ಅಳಿಯನ ಮಾತು ತೆಗೆದುಹಾಕೋಕ್ಕಾಗತ್ಯೇ? ಕೈ ಚಾಚಿ ಅಂದ್ರಿ, ಚಾಚಿದೆ."

ಹಯವದನ ಅವರ ಮುಂದೆ ನೆಲದ ಮೇಲೆ ಕೂತ. ಭೂಮಿ ಬಾಯಿಬಿಟ್ಟರೆ ಇಳಿದುಹೋಗಲು ಸಿದ್ಧನಿದ್ದ, ಅಲ್ಲಿದ್ದದ್ದು ಕಾರ್ಪೆಟ್ಟು.

"ಒಂದು ಮಾತು ಕೇಳಿದ್ರೆ ಉಳ್ಕೋತಿದ್ದೆ ಅಳಿಯಂದ್ರೇ" ಎಂದರು ಭಾಗೀರಥಮ್ಮ. ದನಿ ಏರಲಿಲ್ಲ, ಆದರೆ ನಡುಗಿತು. "ಮಗಳ ಪರೀಕ್ಷೆ ಅಂತ ನಾನೇ ನೀಲಂಗೆ ಹೇಳ್ತಿದ್ದೆ. ಅವಳೂ ಹೆಣ್ಣುಮಕ್ಕಳನ್ನ ಹೆತ್ತೋಳು, ಆಯ್ತು ಅಂತಿದ್ಲು. ನಾನಾಗಿ ಬಿಡೋದು ಬೇರೆ. ನೀವು ನನ್ನನ್ನ ಮಗು ಥರ ಆಡಿಸಿಬಿಟ್ರಿ. ನಿಮ್ಮ ಮಾವನವರೂ ಇಷ್ಟು ಮಾಡಿರಲಿಲ್ಲ."

"ನಾನೇ ನೀಲಮ್ಮೋರಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ. ಈಗ್ಲೇ ಹೇಳ್ತೀನಿ."

"ಬೇಡಿ. ಮುದುಕಿ ಮರೆಗುಳಿ ಅಂದ್ರೆ ಬೀದಿಯೋರು ನಾಲ್ಕು ದಿನ ನಗ್ತಾರೆ. ಅಳಿಯ ಸುಳ್ಳುಗಾರ ಅಂದ್ರೆ ನನ್ನ ಮಗಳು ಆ ಬೀದೀಲಿ ತಲೆಯೆತ್ತಿಕೊಂಡು ಹೇಗೆ ನಡೀತಾಳೆ? ನಿರುಪಮಂಗೂ ಹೇಳ್ಬೇಡಿ. ಅವಳು ಓದ್ಕೊಳ್ಲಿ."

ಅವನು ಒಪ್ಪಿಕೊಂಡ. ಒಪ್ಪಿಕೊಂಡಾಗ ಎದೆಯೊಳಗೆ ಒಂದು ಚೂರು ಹಗುರವೂ ಆಯಿತು. ಆ ಹಗುರಕ್ಕೆ ಅವನು ಎಷ್ಟು ನಾಚಿಕೊಂಡನೆಂದರೆ ಆ ದಿನ ಅತ್ತೆ ಬಡಿಸಿದ ಊಟ ಇಳಿಯಲಿಲ್ಲ.

ನೀಲಮ್ಮ ಸೋತಳು, ಗೆಲ್ಲುತ್ತಾಳೆಂದು ಅವಳೂ ಅಂದುಕೊಂಡಿರಲಿಲ್ಲ. ನಿರುಪಮಾ ಪಾಸಾದಳು. ಭಾಗೀರಥಮ್ಮ ಊರಿಗೆ ಹೋದರು. ಆಮೇಲೆ ಹಯವದನ ಆಸ್ಪತ್ರೆಯಲ್ಲಿ, "ಉರಿಯುತ್ತದೆ, ತಡೆದುಕೊಳ್ಳಿ" ಎಂದು ಹೇಳಿಯೇ ಕಡ್ಡಿ ಒತ್ತತೊಡಗಿದ. ನರ್ಸುಗಳಿಗೆ ಡಾಕ್ಟರು ಬದಲಾದದ್ದು ಕಂಡಿತು. ಅವನಿಗೂ ತಾನು ಬದಲಾದೆನೆಂದೇ ಅನ್ನಿಸಿತ್ತು.

ಎರಡು ವರ್ಷದ ಮೇಲೆ ಮಕ್ಕಳ ಬೇಸಿಗೆ ರಜೆಗೆ ಎಲ್ಲರೂ ಮೈಸೂರಿಗೆ ಹೋದರು. ಒಂದು ಸಂಜೆ ತರಕಾರಿ ತರಲು ಅವನು ಅತ್ತೆಯ ಜೊತೆ ಹೊರಟ. ಎಸ್‌ಟಿಡಿ ಬೂತಿನ ಮುಂದೆ ನೀಲಮ್ಮ ನಿಂತಿದ್ದಳು. ಭಾಗೀರಥಮ್ಮನನ್ನು ಕಂಡು "ಏನ್ರೀ, ಚೆನ್ನಾಗಿದ್ದೀರಾ" ಎಂದಳು. ಏನೇ, ಬಾರೇ ಅನ್ನುತ್ತಿದ್ದವಳು ರೀ ಎಂದಳು. ಬೂತಿನೊಳಗೆ ಬೇರೆ ಯಾರೋ ಹೆಂಗಸು ಕಾಫಿ ಕುಡಿಯುತ್ತ ಕೂತಿದ್ದಳು.

ಆದರೆ ಡಾಕ್ಟರನ್ನು ಕಂಡು ನೀಲಮ್ಮ ಕೈಮುಗಿದಳು. ಪಕ್ಕಕ್ಕೆ ಕರೆಯಲಿಲ್ಲ, ಭಾಗೀರಥಮ್ಮನ ಎದುರಿಗೇ, ನಿಜವಾದ ಕಾಳಜಿಯಿಂದ ಹೇಳಿದಳು. "ಡಾಕ್ಟ್ರೇ, ನಿಮ್ಮತ್ತೆಯವರ ಮರೆವಿಗೆ ಏನಾದ್ರೂ ಮಾತ್ರೆ ಕೊಡಿ. ನಂಗೆ ಮೊದ್ಲು ಕೋಪ ಬಂದಿತ್ತು. ಆಮೇಲೆ ಯೋಚ್ನೆ ಮಾಡ್ದೆ, ಇವರು ಬೇಕಂತ ಮರೆಯೋರಲ್ಲ, ಇದು ಕಾಯಿಲೇನೇ ಇರ್ಬೇಕು. ಅಂಥ ದಿನಾನೇ ಮರೆತವ್ರು ನಾಳೆ ಗ್ಯಾಸ್ ಆರಿಸೋದು ಮರೆತ್ರೆ? ಒಬ್ಬರೇ ಇರೋರು."

ಹಯವದನ ಬಾಯಿ ತೆರೆದ. ಇದೋ, ಈಗ. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಭಾಗೀರಥಮ್ಮ ಅವನ ಮುಖವನ್ನು ನೆಟ್ಟಗೆ ನೋಡಿ, "ಹೌದು ಅಳಿಯಂದ್ರೇ, ಇತ್ತೀಚೆಗೆ ಮರೆವು ಜಾಸ್ತಿ. ಏನಾದ್ರೂ ಬರೆದುಕೊಡಿ" ಎಂದರು.

ನೀಲಮ್ಮ ಬೂತಿನಿಂದ ಬಿಲ್ಲಿನ ಚೀಟಿಯೊಂದನ್ನು ಹರಿದು ಕೊಟ್ಟಳು. ಹಯವದನ ಜೇಬಿನಿಂದ ಪೆನ್ನು ತೆಗೆದು, ಅದರ ಹಿಂಬದಿಯಲ್ಲಿ ಒಂದು ವಿಟಮಿನ್ ಮಾತ್ರೆಯ ಹೆಸರು ಬರೆದ. ದಿನಕ್ಕೊಂದು, ಊಟದ ಮೇಲೆ, ಎಂದೂ ಹೇಳಿದ.